ಚಾಕೊಲೇಟಿಗೆ ನಾನು ಚಿಮುಕಿಸಿದ ನೀರು

ಹೊಳಲ್ಕೆರೆಯ ಅಡಿಕೆ ಮಂಡಿಯೊಂದರಲ್ಲಿ ಮಾಲು ನೋಡಿ ತರ ಹೇಳುವುದು ನನ್ನ ಕೆಲಸವಾಗಿತ್ತು. ಮೇಲ್ತರದ ರಾಶಿಯೋ, ನಡುತರದ ಬೆಟ್ಟೆಯೋ, ಇಲ್ಲ ಮೂಲೆಗೆ ಹೋಗಬೇಕಾದ ಗೊರಬಲೋ ಎಂದು ಚೀಲದ ಬಾಯಿ ಬಿಚ್ಚಿದ ಕೂಡಲೇ ಹೇಳುತ್ತಿದ್ದೆ. ಅನುಮಾನ ಬಂದರೆ ಒಂದು ಹೋಳನ್ನು ಹಲ್ಲಿಗೆ ಕೊಡುತ್ತಿದ್ದೆ. ಅಷ್ಟು ಹೊತ್ತು ಮಾಲು ತಂದವರು ನನ್ನ ಮುಖವನ್ನೇ ನೋಡುತ್ತ ನಿಂತಿರುತ್ತಿದ್ದರು. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಜನ ವರ್ಷಗಟ್ಟಲೆ ಹಾಗೆ ಮುಖ ನೋಡುತ್ತ ನಿಂತರೆ, ನನ್ನ ನಾಲಿಗೆಗೆ ಗೊತ್ತಿಲ್ಲದ ರುಚಿ ಲೋಕದಲ್ಲೇ ಇಲ್ಲ ಎಂಬ ಭ್ರಮೆ ಮನುಷ್ಯನಿಗೆ ಹುಟ್ಟುತ್ತದೆ. ನನಗೆ ಹುಟ್ಟಿತು. ಕೆಲಸ ಬಿಟ್ಟು ಹೆಂಡತಿಯೊಡನೆ ಚಿತ್ರದುರ್ಗದಲ್ಲಿ ಮಗ ಕಟ್ಟಿಸಿದ ಮನೆಗೆ ಬಂದಾಗ ಚೀಲಗಳೆಲ್ಲ ಹೊಳಲ್ಕೆರೆಯಲ್ಲೇ ಉಳಿದವು, ಭ್ರಮೆ ಮಾತ್ರ ಜೊತೆಗೇ ಬಸ್ಸು ಹತ್ತಿತು. ಇಲ್ಲಿ ನಾನು ಉಪ್ಪಿಟ್ಟಿಗೆ ತರ ಹೇಳಿದೆ. ಎದುರುಮನೆಯವರ ಸೌತೆಕಾಯಿಗೆ ಹೇಳಿದೆ. ಕೊನೆಗೆ ಚಾಕೊಲೇಟಿಗೂ ಹೇಳಿದೆ. ನನ್ನ ಪಾಪ ಇರುವುದು ಅಲ್ಲಿ.

ಮೊದಲೇ ಒಪ್ಪಿಕೊಳ್ಳುತ್ತೇನೆ, ಅರವತ್ತು ದಾಟುವವರೆಗೆ ನಾನು ನಿಜವಾದ ಚಾಕೊಲೇಟನ್ನು ತಿಂದೇ ಇರಲಿಲ್ಲ. ನಮ್ಮ ಕಡೆ ಕಾಗದ ಸುತ್ತಿದ್ದೆಲ್ಲ ಚಾಕೊಲೇಟೇ. ಪೆಪ್ಪರಮಿಂಟು ಚಾಕೊಲೇಟು, ಕಿತ್ತಳೆ ತೊಳೆಯ ಆಕಾರದ ಸಕ್ಕರೆಗಟ್ಟಿ ಚಾಕೊಲೇಟು, ಹುಣಸೆಹಣ್ಣಿಗೆ ಉಪ್ಪುಖಾರ ಹಚ್ಚಿ ಕಡ್ಡಿಗೆ ಮೆತ್ತಿದರೆ ಅದೂ ಚಾಕೊಲೇಟು. ಸ್ವಾತಂತ್ರ್ಯ ದಿನದಂದು ಶಾಲೆಯಲ್ಲಿ ಧ್ವಜ ಏರಿಸಿ ಹಂಚುತ್ತಿದ್ದ ಚಾಕೊಲೇಟಿನಲ್ಲಿ ಕೋಕೋ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇರುತ್ತಿತ್ತು.

ನಮ್ಮ ಸೊಸೆ ಮನೆಯಲ್ಲೇ ಚಾಕೊಲೇಟು ಮಾಡಿ ಮಾರುವ ಕೆಲಸ ಶುರುಮಾಡಿದ್ದು ಎರಡು ವರ್ಷದ ಕೆಳಗೆ. ಆಕೆ ಹಿರಿಯೂರಿನವಳು, ಬಿ.ಕಾಂ. ಓದಿದವಳು. ದಾವಣಗೆರೆಗೆ ಹೋಗಿ ಕಲಿತು ಬಂದಳು. ನನ್ನ ಮಗ ಬೆಳಿಗ್ಗೆ ಸಿರಿಗೆರೆಯ ಬಸ್ಸು ಹಿಡಿದು ಪಾಠ ಹೇಳಲು ಹೋದರೆ ಬರುವುದು ಸಂಜೆಗೆ. ಅಲ್ಲಿಯವರೆಗೆ ಅಡುಗೆಮನೆ ಅತ್ತೆ ಸೊಸೆ ಇಬ್ಬರದು. ನನ್ನ ಹೆಂಡತಿಗೆ ಆ ಕೆಲಸದಲ್ಲಿ ಎಷ್ಟು ಆಸೆ ಹುಟ್ಟಿತೆಂದರೆ, ಹೋಳಿಗೆಗೆ ಹೂರಣ ರುಬ್ಬುವಾಗಲೂ ಕಾಣದ ಉತ್ಸಾಹ ಅಚ್ಚುಗಳಿಂದ ಚಾಕೊಲೇಟು ಬಿಡಿಸುವಾಗ ಅವಳ ಮುಖದಲ್ಲಿ ಕಾಣುತ್ತಿತ್ತು. ಅಚ್ಚನ್ನು ಬೋರಲು ಹಾಕಿ ಮೆತ್ತಗೆ ತಟ್ಟಿದರೆ ಹೊಳೆಯುವ ಬಿಲ್ಲೆಗಳು ಟಪಟಪ ಉದುರುತ್ತಿದ್ದವು. ಅವಳು ಪ್ರತಿ ಸಲವೂ "ಬಂತು ನೋಡ್ರಿ!" ಎನ್ನುತ್ತಿದ್ದಳು, ಹೆರಿಗೆ ಮಾಡಿಸಿದವಳ ಹಾಗೆ.

ಸೊಸೆ ನನಗೂ ತಾಳ್ಮೆಯಿಂದ ಹೇಳಿಕೊಟ್ಟಿದ್ದಳು.

"ಕೋಕೋ ಬೀಜ ಹುರಿದು ಅರೆದ್ರೆ ಕಪ್ಪು ಮುದ್ದೆ ಆಗ್ತೈತೆ ಮಾವ. ಆ ಮುದ್ದೆಯೊಳಗೆ ಅದರದ್ದೇ ಬೆಣ್ಣೆ ಇರ್ತೈತೆ. ಮುದ್ದೆ ಜಾಸ್ತಿ ಸಕ್ಕರೆ ಕಮ್ಮಿ ಇದ್ರೆ ಡಾರ್ಕು. ಹಾಲಿನ ಪುಡಿ ಸೇರಿದ್ರೆ ಮಿಲ್ಕು. ಕಪ್ಪು ಭಾಗ ಬಿಟ್ಟು ಬರೀ ಬೆಣ್ಣೆ, ಹಾಲು, ಸಕ್ಕರೆ ಹಾಕಿದ್ರೆ ಬಿಳೇದು."

"ಮತ್ತೆ ಈ ಅಗ್ಗದ್ದು?"

"ಅದು ಕಾಂಪೌಂಡು. ಕೋಕೋ ಬೆಣ್ಣೆ ಬದಲು ಬೇರೆ ಎಣ್ಣೆ ಹಾಕಿರ್ತಾರೆ. ಬೇಸಿಗೇಲಿ ಕೇಕಿನ ಮೇಲೆ ಬಳಿಯಕ್ಕೆ ಅದೇ ಸರಿ, ಕರಗಿ ಇಳಿಯಲ್ಲ."

ಇಷ್ಟು ಸಾಕಾಯಿತು ನನಗೆ. ಮಾರನೆಯ ದಿನದಿಂದ ಮನೆಗೆ ಬಂದವರನ್ನೆಲ್ಲ ಕೂರಿಸಿಕೊಂಡು ಮಂಡಿ ತೆರೆದೆ. ಕಪ್ಪನೆಯದು ರಾಶಿ ಎಂದೆ. ಹಾಲಿನದು ಬೆಟ್ಟೆ. ಬಿಳಿಯದು ಗೊರಬಲು. ಕಾಂಪೌಂಡನ್ನು ಅಂಗಳದ ಒಳಗೇ ಬಿಡಬಾರದು. ಕಪ್ಪನೆಯ ಬಿಲ್ಲೆಯನ್ನು ಮುರಿದು "ಕೇಳಿದ್ರಾ ಸದ್ದು? ಒಳ್ಳೆ ಮಾಲು ಹಿಂಗೆ ಮುರೀಬೇಕು" ಎನ್ನುತ್ತಿದ್ದೆ. ಮೊದಲು ಕಹಿ, ಆಮೇಲೆ ಸಣ್ಣ ಹುಳಿ, ಕೊನೆಗೆ ಹುರಿದ ಬೀಜದ ವಾಸನೆ, ನುಂಗಿದ ಮೇಲೆ ಗಂಟಲಲ್ಲಿ ಉಳಿಯುವ ಸಿಹಿ ಎಂದೆಲ್ಲ ಕಣ್ಣು ಮುಚ್ಚಿಕೊಂಡು ವಿವರಿಸುತ್ತಿದ್ದೆ. ಬಂದವರು ಮುಖ ಕಿವುಚಿಕೊಂಡು ತಲೆಯಾಡಿಸುತ್ತಿದ್ದರು. ಕಹಿಯನ್ನು ಮೆಚ್ಚದಿದ್ದರೆ ಹಳ್ಳಿಗಮಾರರು ಎಂದುಕೊಂಡಾರು ಎಂಬ ಭಯ ಇಡೀ ಜಿಲ್ಲೆಗೆ ಇದೆ. ಬಿಳಿಯದನ್ನು ಮಾತ್ರ ತೋರುಬೆರಳಿನಿಂದ ಅತ್ತ ಸರಿಸಿ, "ಇದು ಚಾಕೊಲೇಟೇ ಅಲ್ಲ, ಸಕ್ಕರೆಗೆ ಸೂಟು ಬೂಟು ಹಾಕಿದಾರೆ" ಎನ್ನುತ್ತಿದ್ದೆ.

ಅವರು ಹೋದ ಮೇಲೆ ಆ ಬಿಳಿಯದನ್ನು ನಾನೇ ತಿನ್ನುತ್ತಿದ್ದೆ. ಹಾಲುಕೋವಾದ ಹಾಗೆ ನಾಲಿಗೆಯ ಮೇಲೆ ಮಲಗಿ ತಾನಾಗಿ ಕರಗುತ್ತಿತ್ತು. ಕಪ್ಪನೆಯದನ್ನು ಒಂದು ಚೂರಿಗಿಂತ ಹೆಚ್ಚು ತಿನ್ನುವುದು ನನ್ನಿಂದ ಈಗಲೂ ಆಗದು.

"ಹೊಗಳಾದು ಕರೇದನ್ನ, ನುಂಗಾದು ಬಿಳೇದನ್ನ," ಎಂದು ಹೆಂಡತಿ ಒಂದು ದಿನ ಹಿಡಿದೇಬಿಟ್ಟಳು. "ನಿಮ್ಮ ಬಾಯಿಗೂ ನಾಲಿಗೆಗೂ ಮಾತುಕತೆ ಇಲ್ಲೇನ್ರಿ?"

"ನಿಂಗೆ ರುಚಿ ಗೊತ್ತಾಗಲ್ಲ ಬಿಡೇ," ಎಂದೆ.

ನಿಜವಾಗಿ ಗೊತ್ತಾಗುತ್ತಿದ್ದುದು ಅವಳಿಗೇ. ಕಪ್ಪನೆಯದಕ್ಕೆ ಹುರಿದ ಶೇಂಗಾ ಹಾಕಿದರೆ ಚೆನ್ನ, ಬಿಳಿಯದಕ್ಕೆ ಶೇಂಗಾ ಬೇಡ, ಒಣದ್ರಾಕ್ಷಿ ಹಾಕು, ಹಾಲಿನದಕ್ಕೆ ಏನೂ ಬೇಡ, ಮಕ್ಕಳು ಹಾಗೇ ತಿನ್ನುತ್ತವೆ ಎಂದು ಸೊಸೆಗೆ ಹೇಳಿದ್ದು ಅವಳು. ಸೊಸೆ ಹಾಗೇ ಮಾಡಿದಳು, ಹಾಗೇ ಮಾರಾಟವಾಯಿತು.

ಹೀಗಿರುವಾಗ ಹೊಸದುರ್ಗದಿಂದ ಒಬ್ಬ ಹೆಂಗಸು ಬಂದರು. ಮಗನ ನಿಶ್ಚಿತಾರ್ಥ. ಹೆಣ್ಣಿನ ಕಡೆಯವರು ಹೊಳಲ್ಕೆರೆಯವರು, ಶಾಸ್ತ್ರ ಅಲ್ಲೇ. ಗಂಡಿನ ಕಡೆಯಿಂದ ಒಯ್ಯುವ ತಟ್ಟೆಗಳಲ್ಲಿ ಹಣ್ಣು, ಹೂವು, ಎಲೆ ಅಡಿಕೆಯ ಜೊತೆಗೆ ಈ ಸಲ ಚಾಕೊಲೇಟಿನ ಡಬ್ಬಿಗಳೂ ಇರಬೇಕೆಂದು ಅವರ ಆಸೆ. ಸೊಸೆಗೆ ಅಷ್ಟು ದೊಡ್ಡ ಕೆಲಸ ಅದೇ ಮೊದಲು. ಅವಳು ಮೂರೂ ಬಗೆಯನ್ನು ತಟ್ಟೆಯಲ್ಲಿಟ್ಟು ತಂದಳು. ಆ ಹೆಂಗಸು ಕಪ್ಪನೆಯದನ್ನು ಬಾಯಿಗೆ ಹಾಕಿಕೊಂಡವರೇ ಕಣ್ಣರಳಿಸಿದರು.

"ಇದು ಕಹಿ ಐತಲ್ರಿ! ಶುಭಕಾರ್ಯಕ್ಕೆ ಕಹಿ ಕೊಟ್ರೆ ಬೀಗರು ಏನಂತಾರೆ?"

ಸೊಸೆ ಬಾಯಿ ತೆರೆಯುವುದರೊಳಗೆ ನಾನು ಕುರ್ಚಿ ಮುಂದಕ್ಕೆಳೆದುಕೊಂಡೆ.

"ಯುಗಾದಿಗೆ ಬೇವು ಬೆಲ್ಲ ತಿನ್ನಲ್ವೇನ್ರಿ ತಾಯಿ? ಅದೂ ಶುಭವೇ. ಬೀಗರು ತಿಳಿದೋರಾದ್ರೆ ಮೊದಲು ಕೈ ಹಾಕಾದು ಈ ಕರೇದಕ್ಕೆ."

ಬೀಗರು ತಿಳಿದವರಲ್ಲ ಎಂದು ಯಾವ ಗಂಡಿನ ತಾಯಿ ಹೇಳಿಯಾಳು? ಡಬ್ಬಿಯಲ್ಲಿ ಕಪ್ಪನೆಯದಕ್ಕೂ ಜಾಗ ಸಿಕ್ಕಿತು. ಅಂದು ಊಟದ ಹೊತ್ತಿಗೆ ಆ ಕೆಲಸ ತಂದುಕೊಟ್ಟವನು ನಾನೇ ಎಂಬ ಹಾಗೆ ಎರಡು ಸಲ ಸಾರು ಹಾಕಿಸಿಕೊಂಡೆ.

ನಿಶ್ಚಿತಾರ್ಥದ ಹಿಂದಿನ ದಿನ. ಸೊಸೆ ಬೆಳಗಿನ ತಂಪಿನಲ್ಲೇ ಹಾಲಿನದನ್ನೂ ಬಿಳಿಯದನ್ನೂ ಮುಗಿಸಿದಳು. ಬಿಳಿಯದಕ್ಕೆ ಉರಿ ಸ್ವಲ್ಪ ಹೆಚ್ಚಾದರೂ ತಳ ಹಿಡಿದು ಗಂಟಾಗುತ್ತದೆಂದು ಅದರ ಪಕ್ಕದಿಂದ ಅಲುಗಾಡುತ್ತಲೇ ಇರಲಿಲ್ಲ. ಕಪ್ಪನೆಯದರ ಗಟ್ಟಿಗಳನ್ನು ಕರಗಿಸುವುದು ಸಂಜೆಗೆ ಎಂದಳು. ಮಧ್ಯಾಹ್ನ ಹಿರಿಯೂರಿಗೆ ಹೋಗಿ ತಾಯಿಯನ್ನು ಕಣ್ಣಿನ ಡಾಕ್ಟರಿಗೆ ತೋರಿಸಿ ಬರಬೇಕಿತ್ತು. ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತ, "ಮಾವ, ಆ ಗಟ್ಟಿಗಳನ್ನ ಯಾರೂ ಮುಟ್ಟಬಾರದು, ನೋಡ್ಕಳ್ರಿ," ಎಂದಳು. ನೋಡಿಕೊಳ್ಳಲು ಹೇಳಿದ್ದು ನನಗೆ. ಕುರಿ ಕಾಯಲು ತೋಳ. ಹೆಂಡತಿ ಪಾತ್ರೆಗಳನ್ನೆಲ್ಲ ತೊಳೆದು ಬೋರಲು ಹಾಕಿ ಬಟ್ಟೆ ಮುಚ್ಚಿ, ಗುಡಿಯಲ್ಲಿ ಭಜನೆಗೆ ಹೋದಳು.

ಅಷ್ಟರಲ್ಲಿ ಹೊಸದುರ್ಗದ ಫೋನು ಬಂತು.

"ಯಜಮಾನ್ರೆ, ನಾಳೆ ಬೆಳಿಗ್ಗೆ ಬರಕ್ಕಾಗಲ್ಲ. ಇವತ್ತು ಸಂಜೇನೆ ಕಾರು ಕಳಿಸ್ತೀನಿ. ಆಗ್ತೈತಾ?"

"ಕಳಿಸ್ರಿ ಕಳಿಸ್ರಿ. ನಮ್ಮನೇಲಿ ಆಗಲ್ಲ ಅನ್ನಾದೇ ಇಲ್ಲ."

ಆಗಲೇ ಸೊಸೆಗೆ ಫೋನು ಮಾಡಬಹುದಿತ್ತು. ಮಾಡಲಿಲ್ಲ. ಅವಳು ಬಂದು ನೋಡಿದಾಗ ಕಪ್ಪನೆಯ ಬಿಲ್ಲೆಗಳು ಸಾಲಾಗಿ ಹೊಳೆಯುತ್ತಿರಬೇಕು, ಅವಳು ಬೆರಗಾಗಿ "ಮಾವ, ನೀವಾ?" ಎನ್ನಬೇಕು, ನಾನು ಪೇಪರಿನಿಂದ ತಲೆ ಎತ್ತದೆ "ಹೂಂ" ಎನ್ನಬೇಕು. ಈ ನಾಟಕ ಪೂರ್ತಿಯಾಗಿ ಕಣ್ಣ ಮುಂದೆ ಬಂದುಬಿಟ್ಟಿತು.

ಕುದಿಯುವ ನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆ ಇಟ್ಟು ಕರಗಿಸುವುದನ್ನು ನೋಡಿದ್ದೆ. ಹಾಗೇ ಇಟ್ಟೆ. ಗಟ್ಟಿಗಳನ್ನು ಒಡೆದು ಹಾಕಿದೆ. ಅಂಚಿನಲ್ಲಿ ಕರಗಿ ನಡುವೆ ಮಾತ್ರ ಹಾಗೇ ಗುಡ್ಡೆಯಾಗಿ ಕುಳಿತಿತು. ಸೊಸೆ ಆಗಿದ್ದರೆ ಕಾಯುತ್ತಿದ್ದಳು. ನನಗೆ ಬೆಲ್ಲ ನೆನಪಾಯಿತು. ಶೇಂಗಾ ಉಂಡೆಗೆ ಬೆಲ್ಲ ಕಾಯಿಸುವಾಗ ನನ್ನ ತಾಯಿ, ಅವರ ತಾಯಿ, ನಮ್ಮ ಸೀಮೆಯ ಎಲ್ಲ ಹೆಂಗಸರೂ ಮಾಡಿದ್ದು ಒಂದೇ: ಕೈಯನ್ನು ನೀರಲ್ಲಿ ಅದ್ದಿ ಚಿಮುಕಿಸುವುದು. ನೀರು ಸೋಕದೆ ಬೆಲ್ಲ ಕರಗುವುದುಂಟೆ? ಬೆಲ್ಲವೂ ಕಪ್ಪು, ಇದೂ ಕಪ್ಪು. ಅದೂ ಗಟ್ಟಿ, ಇದೂ ಗಟ್ಟಿ. ಇಷ್ಟು ಸುಲಭದ ಉಪಾಯ ದಾವಣಗೆರೆಯ ಕ್ಲಾಸಿನವರಿಗೆ ಹೊಳೆಯಲಿಲ್ಲವಲ್ಲ ಎಂದು ಮರುಗುತ್ತ ಕೈ ಅದ್ದಿದೆ, ಚಿಮುಕಿಸಿದೆ, ಸೌಟು ತಿರುವಿದೆ.

ಕಣ್ಣ ಮುಂದೆಯೇ ಅದು ಬಿಗಿದುಕೊಂಡಿತು. ಹೊಳಪು ಹೋಯಿತು. ಹಿರಿಯೂರಿನ ಕಡೆಯ ಎರೆಹೊಲದಲ್ಲಿ ಮಳೆಹನಿ ಬಿದ್ದ ಮಣ್ಣು ಉಂಡೆಯಾಗಿ ಕಾಲಿಗೆ ಹತ್ತಿಕೊಳ್ಳುತ್ತದಲ್ಲ, ಹಾಗೆ ಸೌಟಿಗೆ ಹತ್ತಿಕೊಂಡು ಮೇಲೆದ್ದು ಬಂತು. ತಿರುವಿದಷ್ಟೂ ತರಿತರಿ. ಬಟ್ಟಲಿನ ನೀರಿಗೆ ಒಂದು ಚೂರು ಬಿಟ್ಟು, ಪಾಕ ನೋಡುವ ಹಾಗೆ ಬೆರಳಲ್ಲಿ ಉರುಳಿಸಿಯೂ ನೋಡಿದೆ. ಏನು ಹದ ಎಂದು ಆ ದೇವರಿಗೇ ಗೊತ್ತು. ಒಲೆ ಆರಿಸಿ, ಮುಚ್ಚಳ ಮುಚ್ಚಿ, ಬಟ್ಟಲು ತೊಳೆದಿಟ್ಟು, ಜಗುಲಿಗೆ ಬಂದು ಪೇಪರು ಬಿಡಿಸಿ ಕುಳಿತೆ. ನಾಟಕದ ಆ ಒಂದು ದೃಶ್ಯ ಮಾತ್ರ ಅಂದುಕೊಂಡಂತೆ ನಡೆಯಿತು.

ಅತ್ತೆ ಸೊಸೆ ಇಬ್ಬರೂ ಒಟ್ಟಿಗೇ ಒಳಗೆ ಬಂದರು. ಮುಚ್ಚಳ ತೆಗೆದ ಸದ್ದು ಕೇಳಿಸಿತು. ಸೊಸೆ ಪಾತ್ರೆ ಹಿಡಿದುಕೊಂಡು ಜಗುಲಿಗೆ ಬಂದಳು.

"ಮಾವ, ಇದನ್ನ ಒಲೆ ಮೇಲೆ ಇಟ್ಟೋರು ಯಾರು?"

"ನಾನೇ ಕಣಮ್ಮ. ಕಾರು ಇವತ್ತೇ ಬರ್ತೈತಂತೆ. ನಿಂಗೆ ಅನುಕೂಲ ಆಗ್ಲಿ ಅಂತ ಇಟ್ಟೆ."

"ನೀರೇನಾದ್ರೂ ಬಿತ್ತಾ?"

"ನೀರಾ? ಯಾವ ನೀರು? ನಾನು ಇಟ್ಟು ಬಂದೆ, ಅಷ್ಟೆ."

ಸುಳ್ಳು ಎಷ್ಟು ಸಲೀಸಾಗಿ ಕರಗಿ ಬಂತು! ಅದಕ್ಕೆ ಒಂದು ಹನಿ ನೀರೂ ಬೇಕಾಗಲಿಲ್ಲ.

ಸೊಸೆ ಪಾತ್ರೆಯನ್ನು ತಿರುಗಿಸಿ ನೋಡುತ್ತ, ಯಾರನ್ನೂ ಉದ್ದೇಶಿಸದೆ, "ಪಾತ್ರೆ ಒಳಗೆ ಪಸೆ ಇತ್ತೇನೋ. ನಾಕು ಹನಿ ಇದ್ರೂ ಸಾಕು, ಹಿಂಗೇ ಕಟ್ಕಳ್ತೈತೆ," ಎಂದಳು.

ಆಗ ನನ್ನ ಹೆಂಡತಿ ಕೈಯಲ್ಲಿದ್ದ ಗುಡಿಯ ಪ್ರಸಾದವನ್ನು ಕೆಳಗಿಟ್ಟಳು.

"ಅಯ್ಯೋ, ತೊಳ್ದು ಬೋರಲು ಹಾಕಿದೋಳು ನಾನೇ ಕಣವ್ವ. ಒರಸಿದ್ನೋ ಇಲ್ವೋ. ಭಜನೆಗೆ ಹೊತ್ತಾತು ಅಂತ ಓಡಿದೆ."

"ಹೋಗ್ಲಿ ಬಿಡ್ರಿ ಅತ್ತೆ. ಬೇಕಂತ ಮಾಡಿದೀರಾ?"

ನಾನು ಪೇಪರಿನ ಪುಟ ತಿರುವಿದೆ.

ಸೊಸೆ ಹೆಚ್ಚು ಹೊತ್ತು ಕೊರಗಲಿಲ್ಲ. ಬಿಗಿದ ಚಾಕೊಲೇಟು ಮತ್ತೆ ಬಿಲ್ಲೆಯಾಗುವುದಿಲ್ಲ, ಆದರೆ ಸ್ವಲ್ಪ ನೀರಿನಿಂದ ಕೆಟ್ಟದ್ದು ಇನ್ನಷ್ಟು ಬಿಸಿ ದ್ರವ ಸೇರಿದರೆ ಸಡಿಲವಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಕೆನೆಯನ್ನು ಬಿಸಿ ಮಾಡಿ ಸ್ವಲ್ಪಸ್ವಲ್ಪವೇ ಹಾಕುತ್ತ ತಿರುವಿದಳು. ಎರೆಮಣ್ಣು ಹೋಗಿ ಮೊಸರಿನಂತೆ ನುಣುಪಾಯಿತು. ಅದನ್ನು ಫ್ರಿಜ್ಜಿನಲ್ಲಿಟ್ಟು ಬಿಗಿಮಾಡಿ, ಗೋಲಿ ಗಾತ್ರದ ಉಂಡೆ ಕಟ್ಟಿ, ಕೋಕೋ ಪುಡಿಯಲ್ಲಿ ಹೊರಳಿಸಿದಳು. ಉಂಡೆ ಕಟ್ಟುವುದರಲ್ಲಿ ನನ್ನ ಹೆಂಡತಿಯನ್ನು ಮೀರಿಸುವವರಿಲ್ಲ. ಆದರೆ ಅವಳು ಬಾಗಿಲಲ್ಲೇ ನಿಂತಿದ್ದಳು. "ನನ್ನ ಕೈ ಬೆವರಿದಾವೆ, ಮತ್ತೆ ಕೆಟ್ಟೀತು," ಎಂದಳು. ಕಾರು ಬಂತು. ಡಬ್ಬಿಗಳು ಹೋದವು. "ತಣ್ಣಗಿಟ್ಕಳ್ರಿ, ನಾಳೇನೆ ಖರ್ಚು ಮಾಡ್ರಿ" ಎಂದು ಸೊಸೆ ಡ್ರೈವರಿಗೆ ಹೇಳಿ ಕಳಿಸಿದಳು.

ಆ ರಾತ್ರಿಯೇ ಹೆಂಡತಿ ಹಿರಿಯೂರಿನ ಬೀಗಿತ್ತಿಗೆ ಫೋನು ಮಾಡಿ, "ನಿಮ್ಮ ಮಗಳ ಮೊದಲನೇ ದೊಡ್ಡ ಕೆಲಸಾನ ನಾನು ಕೆಡಿಸಿಬಿಡ್ತಿದ್ದೆ ಕಣ್ರಿ, ತಪ್ಪಾತು," ಎಂದು ಹೇಳಿಕೊಂಡಳು. ಪಕ್ಕದ ಮಂಚದಲ್ಲಿ ನಾನು ನಿದ್ದೆ ಬಂದವನ ಹಾಗೆ ಬಿದ್ದುಕೊಂಡಿದ್ದೆ.

ಮುಂದಿನ ದಿನಗಳಲ್ಲಿ ಕಂಡದ್ದನ್ನು ಬರೆಯಲು ಕಷ್ಟವಾಗುತ್ತದೆ. ಚಾಕೊಲೇಟಿನ ಕೆಲಸ ನಡೆಯುವಾಗ ಹೆಂಡತಿ ಅಡುಗೆಮನೆಯ ಹೊಸ್ತಿಲು ದಾಟುವುದನ್ನು ಬಿಟ್ಟಳು. ಕುಡಿಯುವ ನೀರು ಬೇಕಿದ್ದರೂ "ಒಳಗೆ ಬರ್ಲೇನಮ್ಮ?" ಎಂದು ಕೇಳುತ್ತಿದ್ದಳು, ಪರರ ಮನೆಗೆ ಮಜ್ಜಿಗೆ ಕೇಳಲು ಹೋದವಳಂತೆ. "ಇದೇನತ್ತೆ, ಬರ್ರಿ ಒಳಗೆ" ಎಂದು ಸೊಸೆ ಅಂದರೂ ಅವಳು ಲೋಟ ತೆಗೆದುಕೊಂಡು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದುಬಿಡುತ್ತಿದ್ದಳು. ಅಚ್ಚು ತಟ್ಟುವ ಸದ್ದು ಒಳಗಿಂದ ಬರುತ್ತಿತ್ತು. "ಬಂತು ನೋಡ್ರಿ" ಎನ್ನುವವರು ಇರಲಿಲ್ಲ. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಬೆಳಿಗ್ಗೆ ಜೋಗಿಮಟ್ಟಿ ರಸ್ತೆಯಲ್ಲಿ ವಾಕಿಂಗು ಹೋಗುವಾಗ ದಿನವೂ ಹೇಳುವ ಮಾತನ್ನು ಜೋಡಿಸಿಕೊಳ್ಳುತ್ತಿದ್ದೆ. ಮನೆ ಹತ್ತಿರ ಬರುವಷ್ಟರಲ್ಲಿ, ನಾಲ್ಕು ಹನಿ ನೀರಿಗೆ ಇಷ್ಟೇಕೆ, ದಿನ ಕಳೆದರೆ ತಾನೇ ಸರಿಹೋಗುತ್ತದೆ ಎಂಬ ಜ್ಞಾನೋದಯವೂ ಆಗುತ್ತಿತ್ತು.

ಹೀಗೇ ಇದ್ದಾಗ ಹೊಸದುರ್ಗದ ಆ ಹೆಂಗಸು ಮತ್ತೆ ಬಂದರು. ಮದುವೆಗೆ ಡಬ್ಬಿ ಬೇಕು.

"ಬಿಲ್ಲೆ ಇರ್ಲಿ ಬಿಡ್ರಿ, ಆ ಉಂಡೆ ಐತಲ್ಲ, ಪುಡಿ ಹಚ್ಚಿದ್ದು! ಬೀಗರು ಅದೊಂದಕ್ಕೇ ಕೈ ಹಾಕಿದ್ದು. ಬಾಯಾಗಿಟ್ರೆ ಬೆಣ್ಣೆ ಇದ್ದಂಗೆ. ಕಹಿನೂ ಅಲ್ಲ, ಸಿಹಿನೂ ಅಲ್ಲ. ಯಾರು ಮಾಡಿದ್ದು ಅದನ್ನ?"

ಸೊಸೆ ನಕ್ಕು, ಬಾಗಿಲ ಬಳಿ ನಿಂತಿದ್ದ ಅತ್ತೆಯ ಕೈ ಹಿಡಿದು ಎಳೆದು ತಂದಳು.

"ಇವರೇ ನೋಡ್ರಿ. ಇವರ ಪಾತ್ರೇಲಿ ನಾಕು ಹನಿ ನೀರು ಇಲ್ದೇ ಇದ್ರೆ ಆ ಉಂಡೆ ಹುಟ್ತಾನೇ ಇರ್ಲಿಲ್ಲ."

ನಡೆದದ್ದನ್ನೆಲ್ಲ ಹೇಳಿದಳು. ಆ ಹೆಂಗಸು ಬಿದ್ದು ಬಿದ್ದು ನಕ್ಕು, ನನ್ನ ಹೆಂಡತಿಯ ಎರಡೂ ಕೈ ಹಿಡಿದುಕೊಂಡು, "ಕೈಗುಣ ಅಂದ್ರೆ ಇದು ಕಣಕ್ಕ! ಕೆಟ್ರೂ ಒಳ್ಳೇದೇ ಆಗ್ತೈತೆ. ಮದುವೇಗೂ ನೀನೇ ತೊಳೀಬೇಕು ಪಾತ್ರೇನ," ಎಂದರು.

ಹೆಂಡತಿಯ ಮುಖ ಅರಳಿತು. ಎಷ್ಟೋ ದಿನದ ಮೇಲೆ. ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು.

ಅದನ್ನು ನೋಡಿ ನನಗೆ ಏನಾಗಬೇಕಿತ್ತು? ಸಂತೋಷ. ಆದದ್ದು ಹೊಟ್ಟೆಕಿಚ್ಚು. ಆ ಹೆಂಗಸಿನ ಕಣ್ಣು ಒಮ್ಮೆಯೂ ನನ್ನ ಕಡೆ ತಿರುಗಿರಲಿಲ್ಲ. ಮಾಲು ನನ್ನದು, ಹೆಸರು ಇನ್ನೊಬ್ಬರದು ಎನಿಸಿತು. ಕುರ್ಚಿಯಿಂದ ಎದ್ದೇಬಿಟ್ಟೆ.

"ಪಾತ್ರೇಲಿ ಏನೂ ನೀರಿರ್ಲಿಲ್ಲ ತಾಯಿ! ನೀರು ಹಾಕಿದ್ದು ನಾನು. ನನ್ನ ಈ ಕೈಯಾರೆ ಚಿಮುಕಿಸಿದ್ದು!"

ಎದೆ ಉಬ್ಬಿಸಿ ಹೇಳಿದೆ, ಬಹುಮಾನಕ್ಕೆ ಹೆಸರು ಕರೆದಾಗ ಎದ್ದ ಹುಡುಗನ ಹಾಗೆ. ಹೇಳಿ ಮುಗಿದ ಮೇಲೆ ನನ್ನ ದನಿ ನನಗೇ ಕೇಳಿಸಿತು. ಸೊಸೆ ನನ್ನನ್ನು ನೋಡಿ, ಅತ್ತೆಯನ್ನು ನೋಡಿ, ನೆಲ ನೋಡಿದಳು. ಆ ಹೆಂಗಸು ಏನೋ ತಪ್ಪಾಗಿದೆ ಎಂದು ಅರಿತು, ದಿನಾಂಕ ಹೇಳಿ, ಕಾಫಿಯನ್ನು ಅರ್ಧಕ್ಕೇ ಬಿಟ್ಟು ಹೊರಟರು.

ಹೆಂಡತಿ ಕೂಗಾಡಲಿಲ್ಲ.

"ನಾನು ಬಾಗ್ಲಾಗೆ ನಿಂತು ನೀರು ಕೇಳ್ತಿದ್ನಲ್ಲ, ಆವಾಗ ನಿಮ್ಮ ಬಾಯಾಗೆ ಏನಿತ್ತು?" ಎಂದಳು. "ಬಿಳೇದಿತ್ತಾ?"

ಅಷ್ಟೆ. ಬೈಗುಳಕ್ಕಿಂತ ಅದು ಆಳಕ್ಕೆ ಹೋಯಿತು. ತಪ್ಪು ಅವಳದಾಗಿದ್ದಾಗ ನನ್ನ ಬಾಯಿಗೆ ಬೀಗ ಬಿದ್ದಿತ್ತು, ಹೊಗಳಿಕೆ ಅವಳದಾದ ಕೂಡಲೇ ತಾನಾಗಿ ತೆರೆಯಿತು. ನೀರು ಹಾಕಿದ್ದು ತಿಳಿಯದೆ ಮಾಡಿದ್ದು, ಅದಕ್ಕೆ ಕ್ಷಮೆಯುಂಟು. ನಾನು ಇಲ್ಲಿ ತಲೆ ಬಾಗಿಸಿ ಹೇಳುತ್ತಿರುವುದು ಬಾಯಿ ಮುಚ್ಚಿದ್ದರ ಬಗ್ಗೆ ಮತ್ತು ತೆರೆದದ್ದರ ಬಗ್ಗೆ.

ಸಂಜೆ ಅವಳ ಮುಂದೆ ಹೋಗಿ ಕುಳಿತೆ. "ತಪ್ಪಾತು ಕಣೇ," ಎಂದೆ.

"ನಂಗ್ಯಾಕೆ ಹೇಳ್ತೀರಿ? ಬೀಗಿತ್ತಿ ಹತ್ರ ನಾನು ತಪ್ಪಾತು ಅಂದಿದೀನಲ್ಲ, ಅವರಿಗೆ ಹೇಳ್ರಿ."

ಗಂಡನ ಮನೆಯ ಹಿರಿಯ, ಸೊಸೆಯ ತಾಯಿಗೆ ಫೋನು ಮಾಡಿ ತಪ್ಪೊಪ್ಪಿಕೊಳ್ಳುವುದೆಂದರೆ ನಮ್ಮಲ್ಲಿ ಸಾಮಾನ್ಯದ ಮಾತಲ್ಲ. ಮೂರು ಸಲ ನೀರು ಕುಡಿದು ಫೋನು ಹಚ್ಚಿದೆ. ಹೆಂಡತಿ ಅದರ ಸ್ಪೀಕರು ಒತ್ತಿ ನಡುವೆ ಇಟ್ಟಳು. ಎಲ್ಲವನ್ನೂ ಹೇಳಿದೆ, ಒಂದನ್ನೂ ಬಿಡಲಿಲ್ಲ. ಆ ಕಡೆಯಿಂದ ಬೀಗಿತ್ತಿಯ ಗದ್ಗದ ದನಿ ಬಂತು.

"ಅಣ್ಣಾರೆ, ನೀವು ಎಂಥ ದೊಡ್ಡೋರು! ಅಕ್ಕ ಮಾಡಿದ ತಪ್ಪನ್ನ ನಿಮ್ಮ ತಲೆ ಮೇಲೆ ಹಾಕ್ಕೊಂತೀರಲ್ಲ. ಇಂಥ ಗಂಡ ಎಷ್ಟು ಜನಕ್ಕೆ ಸಿಕ್ತಾರೆ? ಅಕ್ಕ ಪುಣ್ಯ ಮಾಡಿದಾರೆ ಬಿಡ್ರಿ."

ದೇವರಾಣೆ ಸುಳ್ಳು ಹೇಳುವುದಿಲ್ಲ, ಒಂದು ಗಳಿಗೆ ನನಗೆ ಹಿತವಾಯಿತು. ತಲೆ ಎತ್ತಿ ಹೆಂಡತಿಯ ಮುಖ ನೋಡಿದೆ. ಹಿತ ಇಳಿಯಿತು.

"ಇಲ್ರೀ, ನಿಜವಾಗ್ಲೂ ನಾನೇ..."

"ಗೊತ್ತಾತು ಬಿಡ್ರಿ ಅಣ್ಣಾರೆ, ನಾನು ಯಾರ ಹತ್ರಾನೂ ಹೇಳಲ್ಲ. ಅಕ್ಕನಿಗೂ ಏನೂ ಅನ್ನಬ್ಯಾಡ್ರಿ."

ಇದು ನಮ್ಮ ಕಡೆಯ ನ್ಯಾಯ. ಗಂಡಸು ತಪ್ಪು ಮಾಡಿದೆನೆಂದು ಒಪ್ಪಿಕೊಂಡರೆ ಅದು ಅವನ ದೊಡ್ಡತನ. ಹೆಂಗಸು ಮಾಡದಿದ್ದರೂ ಒಪ್ಪಿಕೊಂಡರೆ ಅದು ಅವಳ ತಪ್ಪೇ. ಹೆಂಡತಿ ಫೋನನ್ನು ಆರಿಸಿ, "ನಾಳೆ ಹಿರಿಯೂರಿಗೆ ಹೋಗಾಣ," ಎಂದಳು. ಸೊಸೆಯನ್ನು ಕೇಳಿ ಕಪ್ಪನೆಯ ಗಟ್ಟಿಯೊಂದನ್ನು ಒದ್ದೆ ಬಟ್ಟೆ ಸುತ್ತಿದ ಡಬ್ಬಿಯಲ್ಲಿಟ್ಟುಕೊಂಡಳು. ಯಾಕೆ ಎಂದು ನಾನು ಕೇಳಲಿಲ್ಲ. ಕೇಳುವ ಹಕ್ಕು ಉಳಿದಿರಲಿಲ್ಲ.

ಬೆಳಿಗ್ಗೆಯ ಬಸ್ಸಿಗೆ ಹೋದೆವು. ಬೀಗಿತ್ತಿ ನಮ್ಮನ್ನು ಕಂಡು ಗಾಬರಿಯಾದರು. "ಬರ್ರಿ ಬರ್ರಿ, ಕುಂತ್ಕಳ್ರಿ. ಎಲ್ಲ ಚೆನ್ನಾಗಿದಾರಾ?" ಎಂದು ಚಾಪೆ ಹುಡುಕಿದರು.

"ಕುಂತ್ಕಳಕ್ಕೆ ಬಂದಿಲ್ಲ," ಎಂದಳು ನನ್ನ ಹೆಂಡತಿ. "ಒಲೆ ಹಚ್ರಿ. ಇವರು ಏನೋ ಮಾಡಿ ತೋರಿಸ್ತಾರಂತೆ."

ಹೀಗೆ, ಮಂಡಿಯಲ್ಲಿ ಜನ ಯಾರ ಮುಖ ನೋಡುತ್ತ ನಿಲ್ಲುತ್ತಿದ್ದರೋ ಆ ಮನುಷ್ಯ, ಬೀಗರ ಅಡುಗೆಮನೆಯಲ್ಲಿ ಇಬ್ಬರು ಹೆಂಗಸರ ನಡುವೆ ನಿಂತು ಗಟ್ಟಿ ಒಡೆದು ಹಾಕಿದ. ಅಂಚಿನಲ್ಲಿ ಕರಗಿತು, ನಡುವೆ ಗುಡ್ಡೆ ಉಳಿಯಿತು. ಕೈಯನ್ನು ನೀರಿನಲ್ಲಿ ಅದ್ದಿದೆ.

"ಅಯ್ಯೋ ನೀರು ಹಾಕ್ಬಾರ್ದಂತೆ ಅಣ್ಣಾರೆ, ನಮ್ಮ ಹುಡುಗಿ ಹೇಳ್ತಿರ್ತಾಳೆ!"

"ಆವತ್ತು ನನಗೆ ಗೊತ್ತಿರ್ಲಿಲ್ಲ," ಎಂದು ಚಿಮುಕಿಸಿದೆ. ಸೌಟು ತಿರುವಿದೆ. ಹೊಳಪು ಹೋಯಿತು. ಎರೆಮಣ್ಣು ಮೇಲೆದ್ದು ಬಂತು. ಇದು ಹೀಗಾಯಿತು, ನಾನು ಮುಚ್ಚಳ ಮುಚ್ಚಿದೆ, ಜಗುಲಿಗೆ ಹೋದೆ, ಇವಳು ತಪ್ಪು ತನ್ನದೆಂದಳು, ನಾನು ಪೇಪರಿನ ಪುಟ ತಿರುವಿದೆ ಎಂದು ಒಂದೊಂದಾಗಿ ಹೇಳಿದೆ. ಬೀಗಿತ್ತಿ ಪಾತ್ರೆಯನ್ನೂ ನನ್ನ ಒದ್ದೆ ಬೆರಳುಗಳನ್ನೂ ನೋಡಿದರು. ನಗಬೇಕೋ ಬೇಡವೋ ತಿಳಿಯದೆ ಬಾಯಿಯ ಮೇಲೆ ಕೈ ಇಟ್ಟುಕೊಂಡರು.

"ನಿಜವಾಗ್ಲೂ ನೀವೇನಾ!"

"ನಾನೇ."

"ಇಷ್ಟು ಹೇಳಕ್ಕೆ ಹಿರಿಯೂರು ತಂಕ ಬಂದ್ರಾ?"

"ಹೇಳಿದ್ರೆ ನೀವು ನಂಬಲಿಲ್ವಲ್ರಿ," ಎಂದಳು ನನ್ನ ಹೆಂಡತಿ. ನನ್ನ ಕೈಯಿಂದ ಸೌಟು ಕಿತ್ತುಕೊಂಡು ನನ್ನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿದಳು. "ಹಾಲು ಕಾಯಿಸಿದೀರಾ? ಇತ್ತ ಕೊಡ್ರಿ."

ಬಿಸಿ ಹಾಲನ್ನು ಸ್ವಲ್ಪಸ್ವಲ್ಪವೇ ಹೊಯ್ಯುತ್ತ ತಿರುವಿದಳು. ತರಿಯೆಲ್ಲ ಕರಗಿ ಪಾತ್ರೆಯ ತುಂಬ ಗಾಢವಾದ, ಹೊಳೆಯುವ ಕಪ್ಪು ಹಾಲಾಯಿತು. ಬೀಗಿತ್ತಿ ಲೋಟ ತರಲು ಹೊರಟರೆ, "ನೀವು ನಿಂತ್ಕಳ್ರಿ, ನಂಗೊತ್ತೈತೆ," ಎಂದು, ಬೇರೆಯವರ ಮನೆಯ ಆ ಅಡುಗೆಮನೆಯಲ್ಲಿ ಯಾರನ್ನೂ ಕೇಳದೆ ಗೂಡಿಗೆ ಕೈ ಹಾಕಿ ಮೂರು ಲೋಟ ಇಳಿಸಿ, ಸಮಸಮನಾಗಿ ಬಗ್ಗಿಸಿದಳು.

ತಮ್ಮಿಬ್ಬರ ಲೋಟಕ್ಕೆ ಸಕ್ಕರೆ ಹಾಕಿದಳು, ನನ್ನದಕ್ಕೆ ಹಾಕಲಿಲ್ಲ. ಕಹಿ ಇತ್ತು. ತಲೆ ತಗ್ಗಿಸಿ ಪೂರ್ತಿ ಕುಡಿದೆ.